ತಾನ್‌ತಾಯ್ ಹೆಸರಿನ ಸಾವಿರ ಇಂಗ್ಲಿಷ್ ವಾಕ್ಯಗಳು

ಕಳೆದ ಜನಗಣತಿಯ ಪ್ರಕಾರ ಲಿಯಾಂಕೌ ಜಿಲ್ಲೆಯಲ್ಲಿ ತಾನ್‌ತಾಯ್ ಎಂಬ ಮನೆತನದ ಹೆಸರುಳ್ಳವರ ಒಟ್ಟು ಸಂಖ್ಯೆ ಒಂದು. ಅದರ ಹಿಂದಿನದರಲ್ಲಿ ಎರಡಿತ್ತು. ಆ ಎರಡನೆಯವರು ದ್ರಾಕ್ಷಿ ವ್ಯಾಪಾರಕ್ಕೆಂದು ಪಶ್ಚಿಮದ ಕಡೆ ಹೋಗಿ ಅಲ್ಲೇ ನೆಲೆಸಿದ್ದರಿಂದ ಅವರನ್ನು ಕೈಬಿಡಲಾಗಿದೆ. ಉಳಿದವಳು ತಾನ್‌ತಾಯ್ ಸುಹೆ, ವಯಸ್ಸು ಮೂವತ್ತನಾಲ್ಕು, ಬಸ್ ನಿಲ್ದಾಣದ ಪೂರ್ವದ ಗೇಟಿನಲ್ಲಿ ಜಿಯಾನ್‌ಬಿಂಗ್ ಅಂಗಡಿ ಇಟ್ಟಿದ್ದಾಳೆ. ಕಾವಲಿಯ ಮೇಲೆ ಹಿಟ್ಟನ್ನು ತೆಳ್ಳಗೆ ಎಳೆದು, ಮೊಟ್ಟೆ ಒಡೆದು ಹಾಕಿ, ಈರುಳ್ಳಿ ಸೊಪ್ಪು ಉದುರಿಸಿ, ಸೋಯಾ ಗೊಜ್ಜು ಸವರಿ ಮಡಚಿಕೊಡುತ್ತಾಳೆ. ಒಮ್ಮೆ ಅವಳ ಕೈಯಲ್ಲಿ ತಿಂದವರು ಬೇರೆ ಅಂಗಡಿಗೆ ಹೋಗುವುದಿಲ್ಲ. ಇದು ವಾಕ್ಯ ಸಂಖ್ಯೆ ನಾಲ್ಕು, ಮತ್ತು ನಿಜ.

ನನ್ನ ಹೆಸರು ಲುವಾನ್ ಝಿಷು. ಜಿಲ್ಲಾ ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇಂಗ್ಲಿಷ್ ಮಾತಾಡುವುದಿಲ್ಲವಾದ್ದರಿಂದ ನನ್ನ ಇಂಗ್ಲಿಷಿನ ಬಗ್ಗೆ ಈವರೆಗೆ ಯಾವ ದೂರೂ ಬಂದಿಲ್ಲ. ಸುಹೆ ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು.

ವಿಷಯ ಶುರುವಾದದ್ದು ಹೋದ ವರ್ಷದ ವಸಂತದಲ್ಲಿ. ನಮ್ಮ ಜಿಲ್ಲೆಯ ಪ್ರಚಾರ ವಿಭಾಗದ ನಿರ್ದೇಶಕ ಕುವಾಂಗ್ ದೆಮಾವ್ ಅವರು ನೆರೆಯ ಮೆಂಗ್‌ಪು ಜಿಲ್ಲೆಗೆ ಔತಣಕ್ಕೆ ಹೋಗಿದ್ದರು. ಯಾವುದೇ ಪದವನ್ನು ಕೊಟ್ಟರೂ ಅದು ಇಂಗ್ಲಿಷ್ ವಾಕ್ಯಗಳಲ್ಲಿ ಹೇಗೆ ಬಳಕೆಯಾಗಿದೆ ಎಂದು ಎತ್ತಿ ತೋರಿಸುವ ವಿದೇಶಿ ಜಾಲತಾಣವೊಂದಿದೆಯಂತೆ. ಊಟದ ನಡುವೆ ಮೆಂಗ್‌ಪುವಿನ ನಿರ್ದೇಶಕರು ಅದನ್ನು ಮೊಬೈಲಿನಲ್ಲಿ ತೆಗೆದು, ತಮ್ಮ ಊರಿನ ಅಪರೂಪದ ಹೆಸರಾದ ಹೆಲಿಯಾನ್ ಎಂದು ಬರೆದರು. ಹನ್ನೊಂದು ವಾಕ್ಯಗಳು ಬಂದವು. ಆಮೇಲೆ, ಬಹಳ ವಿನಯದಿಂದ, ತಾನ್‌ತಾಯ್ ಎಂದು ಬರೆದರು. 'ಈ ಪದಕ್ಕೆ ಯಾವ ವಾಕ್ಯವೂ ಇಲ್ಲ' ಎಂದು ಬಂತು. ಕುವಾಂಗ್ ಅವರು ಹಬೆಯಲ್ಲಿ ಬೆಂದ ಏಡಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಅವರು ಏಡಿ ಬಿಟ್ಟದ್ದನ್ನು ಜಿಲ್ಲೆ ಹಿಂದೆಂದೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಇಲಾಖೆಗಳ ತುರ್ತು ಸಭೆ ನಡೆಯಿತು. ನನ್ನನ್ನೂ ಮನೆಯಿಂದ ಕರೆಸಿದ್ದರು.

"ಹನ್ನೊಂದು ವಾಕ್ಯ ಕಣ್ರೀ ಅವ್ರದ್ದು," ಎಂದರು ಕುವಾಂಗ್. "ನಮ್ದು ಸೊನ್ನೆ. ಆ ಊರಲ್ಲಿ ನೆಟ್ಟಗಿರೋ ಒಂದು ಸೇತುವೆ ಇಲ್ಲ. ಹನ್ನೊಂದು ವಾಕ್ಯ ಇದೆ."

"ಎಷ್ಟು ಬೇಕು ಸಾರ್ ನಮಗೆ?" ಎಂದು ಪಶುವೈದ್ಯ ಠಾಣೆಯವರು ಕೇಳಿದರು.

"ಸಾವಿರ."

ಸಾವಿರ ಎಂಬುದು ಒಳ್ಳೆಯ ಸಂಖ್ಯೆ ಎಂದು ಎಲ್ಲರೂ ಟಿಪ್ಪಣಿ ಮಾಡಿಕೊಂಡರು.

ಅಂದೇ ತಾನ್‌ತಾಯ್ ವಾಕ್ಯ ಕಚೇರಿ ಸ್ಥಾಪನೆಯಾಯಿತು. ಹಳೆಯ ಟೇಬಲ್ ಟೆನಿಸ್ ಕೋಣೆಯಲ್ಲಿ ನನಗೊಂದು ಮೇಜು, ಬಿಸಿನೀರಿನ ಫ್ಲಾಸ್ಕು, ಕೆಂಪು ಮುದ್ರೆ ಸಿಕ್ಕವು. ಬಾಗಿಲ ಮೇಲೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿದರು. ನಿಯಮಾವಳಿಯನ್ನು ಕುವಾಂಗ್ ಅವರೇ ಬರೆದರು. ಅದರ ಪ್ರಕಾರ ಪ್ರತಿ ಇಲಾಖೆಯೂ ತನಗೆ ಗೊತ್ತುಪಡಿಸಿದಷ್ಟು ವಾಕ್ಯಗಳನ್ನು ಸಲ್ಲಿಸತಕ್ಕದ್ದು. ನಾನು ಅವುಗಳನ್ನು ಇಂಗ್ಲಿಷಿಗೆ ತಿರುಗಿಸಿ, ಮುದ್ರೆ ಒತ್ತಿ, ಜಿಲ್ಲೆಯ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಪ್ರಕಟಿಸತಕ್ಕದ್ದು. ಆ ಪತ್ರಿಕೆಯನ್ನು ಇದಕ್ಕೆಂದೇ ಶುರು ಮಾಡಲಾಗಿತ್ತು, ಅದರ ಓದುಗ ಆ ವಿದೇಶಿ ಜಾಲತಾಣವೊಂದೇ. ಎಲ್ಲ ವಾಕ್ಯಗಳೂ ನಿಜವಾಗಿರತಕ್ಕದ್ದು, ಏಕೆಂದರೆ ಸರ್ಕಾರಿ ಮುದ್ರೆಯ ಕೆಳಗೆ ಸುಳ್ಳು ಇರಕೂಡದು. ವಾಕ್ಯಕ್ಕೂ ವಾಸ್ತವಕ್ಕೂ ಹೊಂದಾಣಿಕೆಯಾಗದಿದ್ದಲ್ಲಿ ವಾಸ್ತವವನ್ನು ಸರಿಪಡಿಸತಕ್ಕದ್ದು, ಏಕೆಂದರೆ ವಾಕ್ಯಕ್ಕೆ ಮುದ್ರೆ ಬಿದ್ದಾಗಿದೆ. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ಶಾಲೆಯಲ್ಲಿದ್ದಾಗ ಇಂಥದ್ದೊಂದು ನಿಯಮ ಇದ್ದಿದ್ದರೆ ನನ್ನ ಫಲಿತಾಂಶ ಇನ್ನಷ್ಟು ಚೆನ್ನಾಗಿರುತ್ತಿತ್ತು.

ಸುಹೆಯ ಒಪ್ಪಿಗೆ ಪಡೆಯಲು ನಾನೂ ಕುವಾಂಗ್ ಅವರೂ ಅಂಗಡಿಗೆ ಹೋದೆವು. ಅವಳು ಹಿಟ್ಟು ಎಳೆಯುತ್ತಲೇ ಕೇಳಿಸಿಕೊಂಡಳು.

"ನಾನೇನ್ ಮಾಡ್ಬೇಕು ಅದಕ್ಕೆ?"

"ಏನೂ ಬೇಡಮ್ಮ, ಇದ್ದ ಹಾಗೇ ಇರು ಸಾಕು," ಎಂದರು ಕುವಾಂಗ್.

"ಮಧ್ಯ ಶರತ್ಕಾಲದ ಹಬ್ಬ ಆಗಿ ಆರನೇ ದಿನಕ್ಕೆ ನನ್ನ ಮದ್ವೆ ಸಾರ್. ಅಷ್ಟರೊಳಗೆ ಮುಗಿಯತ್ತಾ?"

"ಹಬ್ಬಕ್ಕೆ ಮುಂಚೆ ಮುಗಿಯತ್ತೆ. ನನ್ನ ಮಾತು."

ಮದುಮಗ ಅಲ್ಲೇ ನಿಂತು ತಿನ್ನುತ್ತಿದ್ದ. ರುವಾನ್ ಪಿಂಗ್‌ಹೈ, ಏಳನೇ ನಂಬರಿನ ಬಸ್ಸಿನ ಚಾಲಕ. ಎಂಟು ವರ್ಷದಿಂದ ಆ ಕಾವಲಿಯ ಮೊದಲ ಜಿಯಾನ್‌ಬಿಂಗ್ ಅವನದೇ. ಎಂಟನೇ ವರ್ಷ ಮದುವೆ ಆಗೋಣವೇ ಎಂದು ಕೇಳಿದ್ದ. ಅವನು ನಿಧಾನದ ಮನುಷ್ಯ, ಬಸ್ಸನ್ನೂ ಹಾಗೇ ಓಡಿಸುತ್ತಾನೆ. ಮದುವೆ ಎಂದಾಗ ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

ಅಭಿಯಾನ ಭರದಿಂದ ಸಾಗಿತು. ಇಲಾಖೆಗಳಿಂದ ವಾಕ್ಯಗಳು ಕಟ್ಟುಕಟ್ಟಾಗಿ ಬಂದವು. ಇಲ್ಲಿ ಅವುಗಳ ಅರ್ಥವನ್ನಷ್ಟೇ ಕೊಡುತ್ತೇನೆ. ಪಶುವೈದ್ಯ ಠಾಣೆಯವರು ಎರಡು ವಾರ ಯೋಚಿಸಿ 'ತಾನ್‌ತಾಯ್ ಕಚ್ಚುವುದಿಲ್ಲ' ಎಂದು ಕಳಿಸಿದರು. ಅಗ್ನಿಶಾಮಕ ದಳದವರು 'ತಾನ್‌ತಾಯ್ ಅವರನ್ನು ಛಾವಣಿಯಿಂದ ಸುರಕ್ಷಿತವಾಗಿ ಇಳಿಸಲಾಯಿತು' ಎಂದು ಬರೆದರು. ಆಕೆ ಛಾವಣಿಯ ಮೇಲೆ ಇಲ್ಲದ್ದರಿಂದ ಮೊದಲು ಏಣಿ ಹಾಕಿ ಹತ್ತಿಸಬೇಕಾಯಿತು. ಹವಾಮಾನ ಕೇಂದ್ರದವರ ವಾಕ್ಯ 'ತಾನ್‌ತಾಯ್ ಬಂದೊಡನೆ ಮಳೆ ನಿಂತಿತು.' ಅದಕ್ಕಾಗಿ ಮೂರು ವಾರ ಕಾದು, ಮಳೆ ಬಂದ ದಿನ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಊರು ಸುತ್ತಿದರು. ನಿಲ್ಲುವ ಸೂಚನೆ ಕಂಡಾಗ ಬಾಗಿಲು ತೆಗೆದು ಇಳಿಸಿದರು. ಮೀನುಗಾರಿಕೆ ಇಲಾಖೆ 'ಎಷ್ಟು ಮೀನು ಕೊಟ್ಟರೂ ತಾನ್‌ತಾಯ್‌ಗೆ ಸಾಲದು' ಎಂದು ಬರೆದು, ದಿನಕ್ಕೆ ನಾಲ್ಕು ಗೆಂಡೆ ಮೀನು ಕಳಿಸಿತು. ಒಂಬತ್ತನೇ ದಿನ ಅವಳು ನನ್ನ ಕಚೇರಿಗೆ ಬಂದಳು.

"ಮೇಷ್ಟ್ರೇ, ನಂಗೆ ಸಾಕಾಗಿದೆ."

"ಹಾಗನ್ನಬಾರದಮ್ಮ. ಸಾಲದು ಅಂತ ಮುದ್ರೆ ಬಿದ್ದಿದೆ."

ಅವಳು ನಕ್ಕುಬಿಟ್ಟಳು. ಆಗೆಲ್ಲ ಅವಳು ಎಲ್ಲದಕ್ಕೂ ನಗುತ್ತಿದ್ದಳು. ಛಾವಣಿ ಹತ್ತಿ ನಕ್ಕಳು, ಜೀಪಿನಲ್ಲಿ ನಕ್ಕಳು. ಮದುವೆ ಹತ್ತಿರ ಬಂದವರಿಗೆ ಮೀನು ದೊಡ್ಡ ವಿಷಯವಲ್ಲ.

ನಾಗರಿಕ ವ್ಯವಹಾರ ಇಲಾಖೆಗೆ ಮೂವತ್ತು ವಾಕ್ಯ ಗೊತ್ತುಪಡಿಸಲಾಗಿತ್ತು. ಅವರು ಶ್ರಮ ಪಡಲಿಲ್ಲ. ಅವಳ ಕಡತ ತೆಗೆದು ಅದರಲ್ಲಿದ್ದದ್ದನ್ನೇ ಸಾಲಾಗಿ ಬರೆದು ಕಳಿಸಿದರು. ಅದರಲ್ಲೊಂದು, ಸಂಖ್ಯೆ ಮುನ್ನೂರ ಹನ್ನೆರಡು: 'ತಾನ್‌ತಾಯ್ ಅವಿವಾಹಿತೆ.' ನಿಜವಾದ ವಾಕ್ಯವೇ, ಆದರೆ ಬೋಳುಬೋಳಾಗಿತ್ತು. ಇಪ್ಪತ್ತೊಂಬತ್ತು ವರ್ಷ ಇಂಗ್ಲಿಷ್ ಕಲಿಸಿದವನ ಕೈ ಸುಮ್ಮನಿರಲಿಲ್ಲ. 'ತಾನ್‌ತಾಯ್ ಅವಿವಾಹಿತೆ, ಹಾಗೆಯೇ ಸಂತೋಷವಾಗಿದ್ದಾಳೆ' ಎಂದು ತಿದ್ದಿ ಮುದ್ರೆ ಒತ್ತಿದೆ. ಜಾಲತಾಣಕ್ಕೆ ಅದು ಹಿಡಿಸಿತೆಂದು ಕಾಣುತ್ತದೆ. ತಾನ್‌ತಾಯ್ ಎಂದು ಬರೆದರೆ ಎಲ್ಲಕ್ಕಿಂತ ಮೇಲೆ ಅದೇ ಬರತೊಡಗಿತು. ಪ್ರಾಂತದ ಸರ್ಕಾರ ಅದಕ್ಕೆ 'ವರ್ಷದ ಲಾಲಿತ್ಯಪೂರ್ಣ ವಾಕ್ಯ' ಎಂಬ ಬಹುಮಾನವನ್ನೂ ಕೊಟ್ಟಿತು. ನನಗೆ ಹೆಮ್ಮೆಯಾಯಿತು. ಆಗಬಾರದಿತ್ತು.

ಹಬ್ಬಕ್ಕೆ ನಾಲ್ಕು ದಿನ ಮೊದಲೇ ಸಾವಿರ ತುಂಬಿತು. ಕುವಾಂಗ್ ಕೊಟ್ಟ ಮಾತು ಉಳಿಸಿಕೊಂಡಿದ್ದರು. ಹಬ್ಬ ಕಳೆದ ಮರುದಿನ ಸುಹೆಯೂ ರುವಾನನೂ ಒಂದೇ ಬಣ್ಣದ ಹೊಸ ಅಂಗಿ ತೊಟ್ಟುಕೊಂಡು ವಿವಾಹ ನೋಂದಣಿಯ ಕಿಟಕಿಗೆ ಹೋದರು. ಸಾಕ್ಷಿಗೆಂದು ನಾನೂ ಜೊತೆಗಿದ್ದೆ.

"ಏನಾಗ್ಬೇಕಿತ್ತು?" ಎಂದಳು ಕಿಟಕಿಯ ಹೆಂಗಸು.

"ಮದ್ವೆ ನೋಂದಣಿ," ಎಂದ ರುವಾನ್.

"ಯಾರ್ದು?"

"ನಮ್ದೇ."

ಆಕೆ ಸುಹೆಯ ಗುರುತಿನ ಚೀಟಿ ನೋಡಿ, ಸಾವಿರ ವಾಕ್ಯಗಳನ್ನು ಒಟ್ಟು ಮಾಡಿ ಎಲ್ಲ ಇಲಾಖೆಗಳಿಗೂ ಹಂಚಿದ್ದ ಪುಸ್ತಕ ತೆಗೆದು, ಬೆರಳಿಟ್ಟು ಹುಡುಕಿದಳು. "ಆಗಲ್ಲಪ್ಪ. ಇವ್ರು ಅವಿವಾಹಿತೆ."

"ಅದಕ್ಕೇ ಬಂದಿರೋದು ಮೇಡಂ."

"ಅದಕ್ಕೇ ಆಗಲ್ಲ ಅಂತಿರೋದು. ಮುನ್ನೂರ ಹನ್ನೆರಡು ನೋಡಿ. ನಾನು ನಿಮ್ಗೆ ಮದ್ವೆ ಮಾಡಿಸಿದ್ರೆ ಇದು ಸುಳ್ಳಾಗತ್ತೆ. ಮುದ್ರೆ ಬಿದ್ದಿರೋದನ್ನ ಸುಳ್ಳು ಮಾಡೋಕೆ ನಂಗೇನು ಕೆಲ್ಸ ಬೇಡ್ವಾ?" ಆಮೇಲೆ ಆಕೆ ಸುಹೆಯ ಕಡೆ ತಿರುಗಿ ಮೃದುವಾಗಿ ಹೇಳಿದಳು: "ಸಂತೋಷವಾಗಿದ್ದಾಳೆ ಅಂತ ಬೇರೆ ಇದೆಯಲ್ಲಮ್ಮ. ಸಂತೋಷವಾಗಿರೋರ್ಗೆ ಯಾಕೆ ಮದ್ವೆ?"

ಹೊರಗೆ ಬಂದ ಮೇಲೆ ಸುಹೆ ನನ್ನನ್ನೇ ನೋಡಿದಳು. ಈ ಸಲ ನಗಲಿಲ್ಲ.

"ಮೇಷ್ಟ್ರೇ, ಹಾಗೇ ಸಂತೋಷವಾಗಿದ್ದಾಳೆ ಅಂತ ನಿಮ್ಗೆ ಯಾರ್ ಹೇಳಿದ್ದು?"

"ವಾಕ್ಯ ಚಿಕ್ಕದಾಗಿತ್ತಮ್ಮ," ಎಂದೆ.

ಎರಡನೇ ಸಾಲಿನಲ್ಲಿ ಕೂತು ತಪ್ಪು ಉತ್ತರ ಬರೆದು ಸಿಕ್ಕಿಬಿದ್ದವನ ಹಾಗೆ ನಾನು ತಲೆ ತಗ್ಗಿಸಿದೆ. ಅವಳ ಮನೆಯಲ್ಲಿ ಮದುವೆಯ ಮಿಠಾಯಿಯ ಮುನ್ನೂರು ಕೆಂಪು ಡಬ್ಬಿಗಳು ಆಗಲೇ ಬಂದು ಕೂತಿದ್ದವು. ನನಗೆ ಬಹಳ ಕೆಟ್ಟದೆನಿಸಿತು.

ನಾವು ಕುವಾಂಗ್ ಅವರ ಕೋಣೆಗೆ ಹೋದೆವು. ಸುದ್ದಿ ತಿಳಿದು ರುವಾನನ ತಾಯಿಯೂ ಬಂದಳು. ಕುವಾಂಗ್ ಎಲ್ಲರಿಗೂ ಚಹಾ ಕೊಡಿಸಿ, ಪೂರ್ತಿ ಕೇಳಿ, ನಿಜವಾಗಿಯೂ ನೊಂದುಕೊಂಡರು. ಆ ಮನುಷ್ಯನಲ್ಲಿ ಕೆಡುಕಿಲ್ಲ.

"ಆ ವಾಕ್ಯ ತೆಗೆದ್ಹಾಕಿ ಸಾರ್," ಎಂದೆ.

"ತೆಗೆದ್ರೆ ಒಂಬೈನೂರ ತೊಂಬತ್ತೊಂಬತ್ತು. ಮೆಂಗ್‌ಪುನವ್ರು ಹೊಟ್ಟೆ ಹಿಡ್ಕೊಂಡು ನಗ್ತಾರೆ."

"ಬೇರೆ ಒಂದು ಬರೆದ್ಕೊಡ್ತೀನಿ."

"ಬಹುಮಾನ ಬಂದಿರೋದು ಅದಕ್ಕೇ ಮೇಷ್ಟ್ರೇ. ಪ್ರಾಂತಾಧಿಕಾರಿಗಳು ಅದನ್ನ ಚೌಕಟ್ಟು ಹಾಕಿಸಿ ತಮ್ಮ ಕೋಣೇಲಿ ಇಟ್ಕೊಂಡಿದಾರೆ. ಹೋಗಿ ಗೋಡೆಯಿಂದ ಕೀಳ್ಲಾ?"

ಎಂಟು ವರ್ಷ ಒಂದು ಮಾತಿಗೂ ದನಿ ಎತ್ತದ ರುವಾನ್ ಆಗ ಎದ್ದು ನಿಂತ. "ಹಂಗಾದ್ರೆ ಒಂದ್ ಕೆಲ್ಸ ಮಾಡಿ. ರಾಜಧಾನೀಲಿ ಕಾರುಗಳಿಗೆ ಮಾಡ್ತಾರಲ್ಲ, ಸರಿ ನಂಬರಿಂದು ಒಂದಿನ, ಬೆಸ ನಂಬರಿಂದು ಒಂದಿನ ರಸ್ತೆಗೆ ಬಿಡೋದು. ಹಂಗೆ ನಮ್ಮನ್ನೂ ಬಿಡಿ. ಒಂದಿನ ಸಂಸಾರ, ಒಂದಿನ ಬ್ರಹ್ಮಚರ್ಯ."

ಅವನು ಅದನ್ನು ಸಿಟ್ಟಿನಲ್ಲಿ ಹೇಳಿದ. ಅದಕ್ಕೆ ನಾನೇ ಸಾಕ್ಷಿ. ಆದರೆ ಕುವಾಂಗ್ ಅವರಿಗೆ ಸಲಹೆ ಮತ್ತು ಸಿಟ್ಟಿನ ನಡುವಿನ ವ್ಯತ್ಯಾಸ ಹಿಂದಿನಿಂದಲೂ ತಿಳಿಯದು. ಅವರು ಮೇಜು ಬಳಸಿ ಬಂದು ರುವಾನನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಚಾಲಕರನ್ನ ನಾವು ಇಷ್ಟು ದಿನ ಸರಿಯಾಗಿ ಬಳಸ್ಕೊಂಡೇ ಇಲ್ಲ," ಎಂದರು.

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು. ತಾನ್‌ತಾಯ್ ಸುಹೆ ಮತ್ತು ರುವಾನ್ ಪಿಂಗ್‌ಹೈ ಇವರು ಪ್ರತಿ ತಿಂಗಳ ಸರಿ ತಾರೀಖುಗಳಂದು ವಿವಾಹಿತರಾಗಿರತಕ್ಕದ್ದು. ಬೆಸ ತಾರೀಖುಗಳಂದು ಮೇಲ್ಕಂಡ ತಾನ್‌ತಾಯ್ ಅವರು ಅವಿವಾಹಿತೆಯಾಗಿಯೂ ಹಾಗೆಯೇ ಸಂತೋಷವಾಗಿಯೂ ಇರತಕ್ಕದ್ದು. ಅಂಥ ದಿನ ಮೇಲ್ಕಂಡ ರುವಾನ್ ಅವರು ಮನೆಯ ಹೊಸ್ತಿಲು ದಾಟಕೂಡದು. ಮೂವತ್ತೊಂದು ದಿನಗಳ ತಿಂಗಳಲ್ಲಿ ಕೊನೆಯ ದಿನವೂ ಮಾರನೇ ದಿನವೂ ಬೆಸವಾದ್ದರಿಂದ ದಂಪತಿಗಳು ಸತತ ಎರಡು ದಿನ ದಂಪತಿಗಳಾಗಿರತಕ್ಕದ್ದಲ್ಲ. ಹುಟ್ಟುವ ಮಗು ತಾಯಿಯ ಮನೆತನದ ಹೆಸರನ್ನು ಪಡೆಯತಕ್ಕದ್ದು.

ರುವಾನನ ತಾಯಿ ಇದನ್ನು ಎರಡು ಸಲ ಓದಿಸಿಕೊಂಡಳು. "ಅಂದ್ರೆ ವರ್ಷಕ್ಕೆ ಏಳು ಸಲ ನನ್ ಮಗ ಎರಡೆರಡು ದಿನ ಬೀದೀಲಿ ಕೂರ್ಬೇಕಾ?"

"ಲೀಪ್ ವರ್ಷದಲ್ಲಿ ಎಂಟು ಸಲ," ಎಂದು ಕುವಾಂಗ್ ತಿದ್ದಿದರು.

"ಅದಿರ್ಲಿ, ಮಗುಗೆ ನಮ್ಮ ಹೆಸ್ರು ಯಾಕಿಲ್ಲ? ರುವಾನ್ ಅನ್ನೋ ಹೆಸ್ರಿಗೇನು ಬಂದಿದೆ ರೋಗ?"

"ಅಕ್ಕ, ರುವಾನ್‌ಗೆ ಈಗಾಗ್ಲೇ ನಲವತ್ತು ಸಾವಿರ ಇಂಗ್ಲಿಷ್ ವಾಕ್ಯ ಇದೆ. ಆಸೆಗೂ ಒಂದು ಮಿತಿ ಬೇಡ್ವಾ?"

ಆಕೆ ನಂಬಲಿಲ್ಲ. ನಾನು ಮೊಬೈಲ್ ತೆಗೆದು ಒಂದೊಂದೇ ಓದಿ ಹೇಳಿದೆ. ಯಾರೋ ಒಬ್ಬ ರುವಾನ್ ಹಡಗು ಕೊಂಡ ವಾಕ್ಯ ಬಂದಾಗ ಆಕೆಯ ಮುಖ ಅರಳಿತು. "ನಮ್ಮೋರೊಬ್ರು ಹಡಗು ತಗೊಂಡಿದಾರಂತೆ," ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದಳು.

ಗೊತ್ತಾಗಿದ್ದ ಮುಹೂರ್ತ ಬೆಸ ತಾರೀಖಿಗೆ ಬಿದ್ದದ್ದರಿಂದ ಮದುವೆಯನ್ನು ಒಂದು ದಿನ ಮುಂದೆ ಹಾಕಿದರು. ಪಟಾಕಿ ಹೊಡೆದರು, ಮುನ್ನೂರು ಡಬ್ಬಿ ಮಿಠಾಯಿ ಹಂಚಿದರು. ಮಾರನೇ ಬೆಳಿಗ್ಗೆ ಮದುಮಗ ಹಾಸಿಗೆ ಸುರುಳಿ ಹೊತ್ತು ಬಸ್ ಡಿಪೋಗೆ ಹೊರಟ. ಬೀದಿಯ ನಿವಾಸಿ ಸಮಿತಿಯ ಅಜ್ಜಿ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು, ಹರಿದು ಹಾಕುವ ಕ್ಯಾಲೆಂಡರನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು.

ಜನಕ್ಕೆ ಅಭ್ಯಾಸವಾಗಲು ಬಹಳ ದಿನ ಹಿಡಿಯಲಿಲ್ಲ. ಬೆಸ ದಿನಗಳಲ್ಲಿ ರುವಾನ್ ಕಿಟಕಿಯ ಹೊರಗೆ ಸಣ್ಣ ಸ್ಟೂಲ್ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದ, ಅವಳು ಒಳಗಿನಿಂದ ಬೋಗುಣಿ ಚಾಚುತ್ತಿದ್ದಳು. ಹೋಗುವವರು ಬರುವವರು ತಾರೀಖು ಕೇಳಬೇಕಾದರೆ ಅವನು ಒಳಗಿದ್ದಾನೋ ಹೊರಗಿದ್ದಾನೋ ನೋಡಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಪ್ರಾಂತದ ತಪಾಸಣೆ ತಂಡ ಬಂತು, ಅದೂ ಹದಿಮೂರನೇ ತಾರೀಖು. ತಂಡದ ಹಿರಿಯರು ಪುಸ್ತಕ ಬಿಡಿಸಿ ಸೀದಾ ಮುನ್ನೂರ ಹನ್ನೆರಡಕ್ಕೆ ಹೋದರು.

"ಅವಿವಾಹಿತೆಯಾ?"

"ಇವತ್ತು ಹೌದು," ಎಂದಳು ಸುಹೆ.

"ಸಂತೋಷವಾಗಿದೀರಾ?"

ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ರುವಾನ್ ಟೋಪಿಯ ಮೇಲೆ ಮಂಜು ಕೂತಿದ್ದರೂ ಬೆಳ್ಳುಳ್ಳಿ ಸುಲಿಯುತ್ತಿದ್ದ. "ಇದೀನಿ," ಎಂದಳು. ಹಿರಿಯರು ಗುರುತು ಹಾಕಿಕೊಂಡರು. ಅವಳು ಸುಳ್ಳು ಹೇಳಲಿಲ್ಲ. ಅದು ನನಗೆ ಈಗಲೂ ಸೋಜಿಗ.

ಆ ವರ್ಷ ಜಿಲ್ಲೆಯ ಹದಿನಾಲ್ಕು ಜೋಡಿಗಳು ತಮಗೂ ಇದೇ ಸೌಲಭ್ಯ ಕೊಡಬೇಕೆಂದು ಅರ್ಜಿ ಹಾಕಿದರು. ಕೆಲವರು ಸಂಸಾರದ ದಿನಗಳನ್ನು ಮೂವತ್ತೊಂದಕ್ಕೆ ಮಾತ್ರ ಇಡಬಹುದೇ ಎಂದೂ ಕೇಳಿದ್ದರು. ಹೆಸರು ಅಪರೂಪದ್ದಲ್ಲವಾದ್ದರಿಂದ ಅರ್ಜಿಗಳನ್ನು ತಿರಸ್ಕರಿಸಲಾಯಿತು.

ಸುಹೆ ಬಸುರಿಯಾಗಿ ಐದು ತಿಂಗಳಾದಾಗ ಮೆಂಗ್‌ಪುವಿನಿಂದ ಸುದ್ದಿ ಬಂತು. ಹೆಲಿಯಾನ್ ಸಾವಿರದ ಮೂರು ವಾಕ್ಯ ಮುಟ್ಟಿತ್ತು. ಕುವಾಂಗ್ ಅವರು ನನ್ನ ಮೇಜಿಗೆ ಓಡಿ ಬಂದರು. ಹುಟ್ಟಲಿರುವ ಮಗುವಿನ ಹೆಸರಿನಲ್ಲಿ ಕೂಡಲೇ ನಾಲ್ಕು ವಾಕ್ಯ ಬೇಕು, ಮೂರನ್ನು ಅವರೇ ಬರೆದಿದ್ದರು, ತೂಕ, ಎತ್ತರ, ದೇಶಪ್ರೇಮದ ಬಗ್ಗೆ. ನಾಲ್ಕನೆಯದು ನನ್ನ ಪಾಲಿಗೆ ಬಂತು. ನಾನು ನೇರ ಸುಹೆಯ ಅಂಗಡಿಗೆ ಹೋಗಿ ಕೇಳಿದೆ.

"ಮೇಷ್ಟ್ರೇ," ಎಂದಳು ಅವಳು, ಹೊಟ್ಟೆಯ ಮೇಲೆ ಹಿಟ್ಟಿನ ಕೈ ಇಟ್ಟುಕೊಂಡು, "ಈ ಸಲ ಯಾರಿಗೂ ತೊಂದ್ರೆ ಆಗ್ದೇ ಇರೋದು ಏನಾದ್ರೂ ಬರೀರಿ. ಉದ್ದ ಮಾಡ್ಬೇಡಿ."

ಮೂರು ದಿನ ಯೋಚಿಸಿದೆ. ಮಗುವಿಗೂ ತಾಯಿಗೂ ಒಳ್ಳೆಯದಾಗುವಂಥದ್ದು, ಮದುವೆ, ಮೀನು, ಛಾವಣಿ ಯಾವುದಕ್ಕೂ ಸಂಬಂಧಿಸದ್ದು, ಚಿಕ್ಕದು. ಕೊನೆಗೆ ಬರೆದೆ: 'ಪುಟ್ಟ ತಾನ್‌ತಾಯ್ ಎಂದೂ ಅಳುವುದಿಲ್ಲ.' ಬರೆದು ಮುದ್ರೆ ಒತ್ತಿದಾಗ ನನ್ನ ಕಣ್ಣಲ್ಲಿ ನೀರು ಬಂತು.

ಹೆರಿಗೆಯನ್ನು ಮೂವತ್ತನೇ ತಾರೀಖಿಗೆ ಗೊತ್ತುಪಡಿಸಲಾಗಿತ್ತು. ಸರಿ ತಾರೀಖು ತಪ್ಪಬಾರದೆಂದು ಕುವಾಂಗ್ ಆಸ್ಪತ್ರೆಗೆ ಎರಡು ಪತ್ರ ಬರೆದಿದ್ದರು. ಮಗು ಪತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಗಸ್ಟ್ ಮೂವತ್ತೊಂದರ ಬೆಳಿಗ್ಗೆ ಒಂಬತ್ತಕ್ಕೆ ಹೊರಟಿತು. ಹೆರಿಗೆ ವಾರ್ಡಿಗೆ ಕುಟುಂಬದವರಿಗೆ ಮಾತ್ರ ಪ್ರವೇಶ. ರುವಾನ್ ಅಂದು ಕುಟುಂಬದವನಲ್ಲ, ಮಾರನೇ ದಿನವೂ ಅಲ್ಲ. ಅವನು ಏಳನೇ ನಂಬರಿನ ಬಸ್ಸನ್ನು ತಂದು ವಾರ್ಡಿನ ಕಿಟಕಿಯ ಕೆಳಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮೇಲೆ ನೋಡುತ್ತ ನಿಂತ. ಬಸ್ಸಿನಲ್ಲಿ ಮೂವತ್ತು ನಲವತ್ತು ಜನರಿದ್ದರು. ಒಬ್ಬರೂ ಹೊರಡು ಎನ್ನಲಿಲ್ಲ.

ಒಳಗೆ, ವಾಕ್ಯದ ಸರ್ಕಾರಿ ಸಾಕ್ಷಿಗಳೆಂದು ಪ್ರವೇಶ ಪಡೆದ ಕುವಾಂಗ್, ನಾನು, ರುವಾನನ ತಾಯಿ, ಕ್ಯಾಲೆಂಡರ್ ಅಜ್ಜಿ ಪರದೆಯ ಈಚೆ ಕಾಯುತ್ತಿದ್ದೆವು. ಒಂಬತ್ತೂ ನಲವತ್ತಕ್ಕೆ ಪುಟ್ಟ ತಾನ್‌ತಾಯ್ ಹುಟ್ಟಿದಳು. ಹುಟ್ಟಿದ ಕೂಡಲೇ ಬಾಯಿ ತೆರೆದಳು. ಆ ದನಿಗೆ ಕಿಟಕಿಯ ಗಾಜು ಗಿಲಗಿಲ ಎಂದಿತು.

ನಾನು ಗೋಡೆ ಹಿಡಿದುಕೊಂಡೆ. ಕುವಾಂಗ್ ಕೈಯಲ್ಲಿದ್ದ ವಾಕ್ಯದ ಪ್ರತಿಯನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿದರು.

"ಡಾಕ್ಟ್ರೇ," ಎಂದರು ಅವರು, "ಮಗು ಏನ್ ಮಾಡ್ತಾ ಇದೆ?"

ಡಾಕ್ಟರಮ್ಮ ಅನುಭವಸ್ಥರು. ಅವರ ಆಸ್ಪತ್ರೆಯೂ ಅರವತ್ತು ವಾಕ್ಯ ಸಲ್ಲಿಸಿತ್ತು. "ಬಾಯಿಂದ ಜೋರಾಗಿ ಉಸಿರಾಡ್ತಾ ಇದೆ ಸಾರ್," ಎಂದು ಹೇಳಿ ಹಾಗೆಯೇ ಬರೆದುಕೊಂಡರು. ನರ್ಸು ತಲೆಯಾಡಿಸಿದಳು. ಕ್ಯಾಲೆಂಡರ್ ಅಜ್ಜಿ ತನಗೂ ಹಾಗೇ ಕಾಣುತ್ತಿದೆ ಎಂದಳು. ರುವಾನನ ತಾಯಿ ಒಂದು ಗಳಿಗೆ ತಡೆದು, ಮೊಮ್ಮಗಳ ಉಸಿರಾಟ ಬಹಳ ಚೆನ್ನಾಗಿದೆ, ಹಡಗು ಕೊಳ್ಳುವವರ ಉಸಿರಾಟ ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಹತ್ತಿರ ಹೋಗಿ ಕಿವಿಗೊಟ್ಟು ಕೇಳಿದೆ. ಅಳು ಎನ್ನಬಹುದಾದ ಏನೂ ನನಗೆ ಕೇಳಿಸಲಿಲ್ಲ.

ಆಗ ಕೆಳಗಿನಿಂದ ರುವಾನ್ ಕೂಗಿದ. ಒಂಬತ್ತು ವರ್ಷದಲ್ಲಿ ಅವನು ಕೂಗಿದ್ದು ಇದೇ ಮೊದಲು. "ಸುಹೆ, ಅದು ಅಳ್ತಿರೋದು ನಮ್ ಮಗುನಾ?"

ವಾರ್ಡಿನವರೆಲ್ಲ ಸುಹೆಯ ಕಡೆ ತಿರುಗಿದರು. ಬಸ್ಸಿನವರೂ ಕಿಟಕಿಗಳಿಂದ ತಲೆ ಹೊರಗೆ ಹಾಕಿ ಕಾದರು. ಸುಹೆ ಮಗುವನ್ನು ಎದೆಗೆ ಒತ್ತಿಕೊಂಡಳು. ಬೆವರಿ ತೊಪ್ಪೆಯಾಗಿದ್ದಳು, ಆದರೆ ನಗುತ್ತಿದ್ದಳು, ಹಿಂದೆ ಛಾವಣಿಯ ಮೇಲೆ ನಕ್ಕ ಹಾಗೆಯೇ. ಕಿಟಕಿಯ ಕಡೆ ಕತ್ತು ಚಾಚಿ ಹೇಳಿದಳು.

"ನಮ್ದೇ ಕಣೋ ಪಿಂಗ್‌ಹೈ. ಅಳ್ತಾ ಇಲ್ಲ."

ಮಗುವಿನ ದನಿ ಬಹಳ ಜೋರಾಗಿದ್ದರಿಂದ ಅವಳು ಅದನ್ನು ಎರಡು ಸಲ ಕೂಗಿ ಹೇಳಬೇಕಾಯಿತು.